ಎರಡು ಸಾವಿರದ ಒಂದನೆಯ ಕೋಳಿ

೧೯೮೮ನೇ ಇಸವಿಯ ಜುಲೈ ಹನ್ನೊಂದನೆಯ ತಾರೀಖು, ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ, ಕರೆವ್ವ ಗಂಡ ಅಮಸಿದ್ದಪ್ಪ, ವಯಸ್ಸು ಐವತ್ತೆರಡು, ಇವಳನ್ನು ಘಟಪ್ರಭಾ ಕುಕ್ಕುಟ ಸಂವರ್ಧನ ಮಂಡಳಿಯ ಮೂರನೇ ಶೆಡ್ಡಿನ ಎರಡು ಸಾವಿರದ ಒಂದನೆಯ ಕೋಳಿಯಾಗಿ ನೋಂದಾಯಿಸಲಾಯಿತು. ನೋಂದಣಿ ಸಂಪೂರ್ಣ ನಿಯಮಬದ್ಧವಾಗಿತ್ತು. ಸಂಬಂಧಪಟ್ಟ ಕಾಗದಗಳನ್ನೆಲ್ಲ ಮಂಡಳಿಯ ಕಚೇರಿಯಲ್ಲಿ ಟೈಪು ಮಾಡಿದವಳು ನಾನೇ. ಎಲ್ಲಿಯೂ ಒಂದು ಸಹಿ ಕಡಿಮೆ ಬಿದ್ದಿರಲಿಲ್ಲ. ಆದರೂ ಲೋಕಾಪುರದ ಬಸ್ಸಿನಲ್ಲಿ ಜನ ಈ ವಿಷಯವನ್ನು ನಗುತ್ತ ಮಾತಾಡುವುದು ಕಿವಿಗೆ ಬಿದ್ದಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ಅವಶ್ಯವೆನಿಸಿದೆ.

ಮಂಡಳಿಯ ಕಚೇರಿ ಮುಧೋಳದಲ್ಲಿ ಒಂದು ಸೈಕಲ್ ಅಂಗಡಿಯ ಅಟ್ಟದ ಮೇಲಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟೂ ಸೀಮೆಗೆ ಒಂಬತ್ತು ಶೆಡ್ಡುಗಳು, ಶೆಡ್ಡಿಗೆ ಎರಡು ಸಾವಿರ ಬಿಳಿ ಕೋಳಿಗಳು. ಮೂರನೆಯ ಶೆಡ್ಡು ಲೋಕಾಪುರದ ರಸ್ತೆಯ ಎಡಕ್ಕೆ, ಕಬ್ಬಿನ ನಡುವೆ. ಮಂಡಳಿಯ ನಿಯಮಾವಳಿಯಲ್ಲಿ ಹದಿನಾಲ್ಕನೆಯದು ಹೀಗಿದೆ: "ಯಾವ ಕೋಳಿಯೂ ಯಾವ ದಿನವೂ ಔಷಧವಿಲ್ಲದೆ ಇರತಕ್ಕದ್ದಲ್ಲ." ಬೇನೆ ಬಿದ್ದ ಕೋಳಿಗೆ ಔಷಧ ಕೊಡುವುದು ಹಿಂದಿನವರ ಪದ್ಧತಿ. ಬೇನೆ ಬೀಳದ ಕೋಳಿಗೆ ಕೊಡುವುದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ದಿನಾ ಚಿಟಿಕೆ ಔಷಧ ಬಿದ್ದರೆ ಕೋಳಿ ಬೇಗ ದಪ್ಪಗಾಗುತ್ತದೆಂದು ಔಷಧದ ಡಬ್ಬಿಯ ಮೇಲೂ ಬರೆದಿತ್ತು. ಈ ಡಬ್ಬಿಗಳ ಏಜೆನ್ಸಿ ಮಂಡಳಿಯ ಚೇರ್ಮನ್ ಚನಮಲ್ಲಪ್ಪನವರ ಅಳಿಯನದು. ಇದು ಕೇವಲ ಆಕಸ್ಮಿಕ ಎಂದು ಅಳಿಯ ಮಂಡಳಿಗೆ ಲಿಖಿತವಾಗಿ ತಿಳಿಸಿದ್ದಾನೆ.

ಮೊದಲು ಹಳದಿ ಪುಡಿ ಬಂತು. ಎರಡು ವರ್ಷಕ್ಕೆ ಅದು ನಾಟದಂತಾಯಿತು, ಕೆಂಪು ಪುಡಿ ಬಂತು. ಆಮೇಲೆ ಬಿಳಿಯದು, ಆಮೇಲೆ ಮತ್ತೊಂದು ಬಿಳಿಯದು. ಹತ್ತು ವರ್ಷದಲ್ಲಿ ಒಂಬತ್ತು ಔಷಧಗಳಾದವು. ಹಳೆಯದನ್ನು ನಿಲ್ಲಿಸಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ ಒಂಬತ್ತನ್ನೂ ಹಾಕಲಾಗುತ್ತಿತ್ತು.

ಹಾಕುತ್ತಿದ್ದವಳು ಕರೆವ್ವ. ಶೆಡ್ಡಿನ ಮಗ್ಗುಲಿನ ಕೋಣೆಯಲ್ಲೇ ಅವಳ ವಾಸ. ಗಂಡ ತೀರಿಕೊಂಡ ಮೇಲೆ ಕೋಳಿಗಳೇ ಸಂಸಾರ. ಕಸ ಹೊಡೆಯುವುದು, ತತ್ತಿ ಆರಿಸುವುದು, ಮುಂಜಾನೆ ನೀರಿನ ಬಕೇಟಿಗೆ ಒಂದೊಂದು ಡಬ್ಬಿಯಿಂದ ಒಂದೊಂದು ಚಿಟಿಕೆ ಹಾಕಿ ಬಲಗೈಯಿಂದ ತಿರುವುವುದು, ಆಮೇಲೆ ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಹಾಕಿದ್ದೇನೆ ಎಂದು ಒಂದು ಗೀಟು ಎಳೆಯುವುದು.

ಜೂನ್ ತಿಂಗಳಲ್ಲಿ ಪಂಜರದ ತಂತಿ ಅವಳ ಬಲಗೈಯ ಹೆಬ್ಬೆರಳ ಬುಡಕ್ಕೆ ತರಚಿತು. ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು. ಕೈ ಬಾತುಕೊಂಡಿತು. ಊರ ದವಾಖಾನೆಯ ಗಂಗಾರಾಮ ಡಾಕ್ಟರು ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಸೂಜಿ ಮಾಡಿದರು, ಇಳಿಯಲಿಲ್ಲ. ಬೇರೆ ಗುಳಿಗೆ ಕೊಟ್ಟರು, ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕೀವನ್ನು ಪರೀಕ್ಷೆಗೆ ಕಳಿಸಿದರು. ಜುಲೈ ಎರಡಕ್ಕೆ ಉತ್ತರ ಬಂತು.

"ಕರೆವ್ವಾ, ಇದು ಸಾದಾ ರೋಗದ ಜಂತು ಅಲ್ಲ" ಅಂದರು ಡಾಕ್ಟರು. "ಒಂಬತ್ತು ಔಷಧ ಹಾಕಿ ನೋಡ್ಯಾರ. ಒಂದಕ್ಕೂ ಜಗ್ಗಿಲ್ಲ."

"ಎಲ್ಲಿಂದ ಬಂತ್ರಿ ನನಗ?"

"ನಿನ್ನ ಕೋಳಿ ಮನ್ಯಾಗಿಂದ. ದಿನಾ ಬಕೇಟಿನ್ಯಾಗ ಏನ ಹಾಕ್ತಿ?"

"ಚಿಟಿಕಿ ಪುಡಿ ಹಾಕತೇನ್ರಿ."

"ಅಲ್ಲೇ ನೋಡು. ಬ್ಯಾನಿ ಬಂದಾಗ ಪೂರಾ ಔಷಧ ಕೊಟ್ರ ಜಂತು ಸಾಯತಾವ. ದಿನಾ ಚಿಟಿಕಿ ಚಿಟಿಕಿ ಕೊಟ್ರ ಮೆತ್ತನವು ಸಾಯತಾವ, ಗಟ್ಟಿ ಇದ್ದವು ಉಳಿತಾವ. ಉಳಿದವು ಮರಿ ಮಾಡತಾವ. ಆ ಮರಿ ಎಲ್ಲಾ ಗಟ್ಟಿ."

ಕರೆವ್ವ ಎಡಗೈಯ ಬೆರಳ ಮೇಲೆ ವರ್ಷ ಎಣಿಸಿದಳು. "ಅಂದ್ರ ಹತ್ತ ವರ್ಷ ನಾನ ಅವಕ್ಕ ಸಾಲಿ ಕಲಿಸೇನಿ ಅನ್ರಿ."

"ಹಂಗ ಅನ್ಕೋ."

"ಮಾಸ್ತರ ಪಗಾರ ಮಾತ್ರ ಕೊಡ್ಲಿಲ್ಲ ಯಾರೂ."

ಡಾಕ್ಟರಿಗೆ ನಗು ಬಂತು, ಆದರೆ ನಗುವಷ್ಟು ಪುರಸೊತ್ತು ಇರಲಿಲ್ಲ. ಪರೀಕ್ಷೆಯ ಕಾಗದದ ಕೊನೆಗೆ ಹತ್ತನೆಯದೊಂದು ಔಷಧದ ಹೆಸರಿತ್ತು, ಅದಕ್ಕೆ ಮಾತ್ರ ಜಂತು ಸತ್ತಿತ್ತು. ಹೊಸ ಔಷಧ, ನೀಲಿ ಮುಚ್ಚಳದ ಬಾಟಲಿ. ದವಾಖಾನೆಗೆ ಮನುಷ್ಯರ ಪಾಲು ಬರುವುದು ಮುಂದಿನ ಮಾರ್ಚಿಗೆ.

"ಹತ್ತು ದಿನದಾಗ ಆ ಔಷಧ ಬೀಳಬೇಕು" ಅಂದರು ಡಾಕ್ಟರು. "ಇಲ್ಲಂದ್ರ ಮೀರಜದ ದೊಡ್ಡ ದವಾಖಾನಿಗಿ ಹೋಗಿ ಕೈ ತಗಿಸಬೇಕಾಗತೈತಿ. ಮಣಿಕಟ್ಟಿನ ತನಕ."

ಕರೆವ್ವ ಕೈಯನ್ನು ತಿರುವಿ ನೋಡಿಕೊಂಡಳು. "ಎಡಗೈಲೆ ರೊಟ್ಟಿ ಬಡಿಯಾಕ ಬರತೈತೇನ್ರಿ, ಸಾಹೇಬ್ರ?"

ಡಾಕ್ಟರು ಚೀಟಿ ಬರೆದರು. ನೀಲಿ ಮುಚ್ಚಳದ ಬಾಟಲಿಗಳು ನಾಲ್ಕು ರಟ್ಟಿನ ಖೋಕಾ ತುಂಬ ಹಿಂದಿನ ವಾರವೇ ಮುಧೋಳಕ್ಕೆ ಬಂದಿದ್ದು ಅವರಿಗೆ ಗೊತ್ತಿತ್ತು. ಬಂದದ್ದು ನಮ್ಮ ಮಂಡಳಿಗೆ.

ಜುಲೈ ನಾಲ್ಕು, ಸೋಮವಾರ, ಇಬ್ಬರೂ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹೆಡ್ ಕ್ಲಾರ್ಕು ಸುಪಾರ್ಶ್ವ ಅವರು ತೇರದಾಳದ ಕಡೆಯವರು, ಶುದ್ಧ ಮನುಷ್ಯ, ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವರು ತತ್ತಿಯನ್ನು ಕಡತದಲ್ಲಿ ಮಾತ್ರ ನೋಡಿದ್ದರು. ಹಾಗೆಂದು ಕೆಲಸದಲ್ಲಿ ಕೊರತೆ ಇರಲಿಲ್ಲ. ಕಾಣದೆ ಇದ್ದುದರಿಂದಲೇ ಅವರ ನೋಟು ನಿಷ್ಪಕ್ಷಪಾತವಾಗಿರುತ್ತಿತ್ತು.

ಡಾಕ್ಟರು ಎರಡು ಅರ್ಜಿ ಕೊಟ್ಟರು. ಒಂದು, ಕರೆವ್ವನಿಗೆ ಆರು ಬಾಟಲಿ ಕೊಡಬೇಕು. ಎರಡು, ಬೇನೆ ಇಲ್ಲದ ಕೋಳಿಗಳಿಗೆ ಔಷಧ ಹಾಕುವುದನ್ನು ನಿಲ್ಲಿಸಬೇಕು.

ಸುಪಾರ್ಶ್ವ ಅವರು ಮೊದಲಿನದನ್ನು ಓದಿ ನಿಟ್ಟುಸಿರು ಬಿಟ್ಟರು. "ಡಾಕ್ಟರ್ ಸಾಹೇಬ್ರ, ಖೋಕಾದ ಮ್ಯಾಲೆ ಏನ ಬರದಾರ ನೋಡ್ರಿ. ಕುಕ್ಕುಟಗಳಿಗೆ ಮಾತ್ರ."

"ಒಳಗಿಂದು ಒಂದ ಔಷಧರಿ. ಅದೇ ಕಂಪನಿ, ಅದೇ ದ್ರವ. ಚೀಟಿ ಮ್ಯಾಲೆ ಕೋಳಿ ಚಿತ್ರ ಐತಿ, ಅಷ್ಟ."

"ಆ ಚಿತ್ರನ ಅಡ್ಡ ಬಂದೈತ್ರಿ."

ಕರೆವ್ವ ಮೂಲೆಯಲ್ಲಿ ನೆಲದ ಮೇಲೆ ಕೈ ಮೇಲಕ್ಕೆತ್ತಿ ಹಿಡಿದು ಕೂತಿದ್ದಳು. ಇಳಿಬಿಟ್ಟರೆ ಜುಮುಜುಮು ಅನ್ನುತ್ತದೆ ಅಂತ. ನೋಡಿದವರಿಗೆ ಏನೋ ಪ್ರಶ್ನೆ ಕೇಳುವುದಕ್ಕೆ ಕೈ ಎತ್ತಿದ್ದಾಳೆ ಅನ್ನಿಸುತ್ತಿತ್ತು. ಯಾರೂ ಕೇಳು ಅನ್ನಲಿಲ್ಲ.

ಎರಡನೆಯ ಅರ್ಜಿ ಶುಕ್ರವಾರದ ಸಭೆಗೆ ಹೋಯಿತು. ಚೇರ್ಮನ್ ಚನಮಲ್ಲಪ್ಪನವರು ಅದನ್ನು ಗಟ್ಟಿಯಾಗಿ ಓದಿಸಿದರು.

"ಜಂತು ಅದಾವಂತ. ನನ್ನ ಕೋಳಿ ಒಂದರೆ ಸತ್ತೈತೇನು? ಔಷಧ ಹಾಕೂದು ನಿಂದರಸಿದ ಮ್ಯಾಲೆ ಸತ್ರ ಡಾಕ್ಟರು ಬರತಾರೇನು ಹೂಳಾಕ?"

ಸುಪಾರ್ಶ್ವ ಅವರ ನೋಟು ಹೀಗಿತ್ತು: "ಸದರಿ ಜಂತುವಿನ ಹೆಸರು ಮಂಡಳಿಯ ಯಾವ ದಾಖಲೆಯಲ್ಲಿಯೂ ಕಂಡುಬರುವುದಿಲ್ಲ. ಸತ್ತಿಲ್ಲವಾದ್ದರಿಂದ ಸಾವಿನ ನಮೂನೆ ಆರು ಅನ್ವಯಿಸುವುದಿಲ್ಲ." ಮರುದಿನ ನಾನು ಪ್ರಕಟಣೆ ಟೈಪು ಮಾಡಿ ಒಂಬತ್ತೂ ಶೆಡ್ಡಿನ ಬಾಗಿಲಿಗೆ ಕಳಿಸಿದೆ: "ಮಂಡಳಿಯ ಶೆಡ್ಡುಗಳಲ್ಲಿ ಔಷಧಕ್ಕೆ ಸಾಯದ ಜಂತುಗಳಿವೆ ಎಂಬ ಸುದ್ದಿ ಹಬ್ಬಿದೆ. ಔಷಧವನ್ನು ದಿನಾಲೂ ತಪ್ಪದೆ ಹಾಕಲಾಗುತ್ತಿರುವುದರಿಂದ ಈ ಸುದ್ದಿಗೆ ಆಧಾರವಿರುವುದಿಲ್ಲ." ಮೂರನೆಯ ಶೆಡ್ಡಿನ ಬಾಗಿಲಿಗೆ ಅದನ್ನು ಅಂಟಿಸಿದವಳು ಕರೆವ್ವನೇ. ಎಡಗೈಯಿಂದ ಅಂಟಿಸಿದ್ದರಿಂದ ಸೊಟ್ಟಾಗಿತ್ತೆಂದು ಚನಮಲ್ಲಪ್ಪನವರು ಆಕ್ಷೇಪಿಸಿದರು.

ಆದರೆ ಸುಪಾರ್ಶ್ವ ಅವರಿಗೆ ಆ ಕೈ ನೆನಪಾಗುತ್ತಿತ್ತಂತೆ. ರವಿವಾರ ಮನೆಗೆ ನಿಯಮಾವಳಿ ಒಯ್ದು ಮೊದಲ ಪುಟದಿಂದ ಓದಿದರು. ಸೋಮವಾರ, ಅಂದರೆ ಹನ್ನೊಂದನೆಯ ತಾರೀಖು, ಕಚೇರಿಗೆ ಬಂದವರೇ ನನ್ನ ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟರು.

"ಅಕ್ಕಾರ, ಇದನ್ನ ಓದ್ರಿ. ಎರಡನೇದು, ವ್ಯಾಖ್ಯೆಗಳು."

ಓದಿದೆ: "ಕೋಳಿ ಎಂದರೆ ಮಂಡಳಿಯ ಶೆಡ್ಡಿನ ಆವರಣದಲ್ಲಿ ವಾಸಿಸುವ, ಮಂಡಳಿಯ ಆಶ್ರಯದಲ್ಲಿರುವ, ಶೆಡ್ಡಿನ ದಾಖಲೆಯಲ್ಲಿ ಕ್ರಮಾಂಕ ಹೊಂದಿರುವ ಎರಡು ಕಾಲಿನ ಜೀವಿ."

"ಪುಚ್ಚದ ಮಾತೇ ಇಲ್ಲ" ಅಂದರು ಸುಪಾರ್ಶ್ವ. "ವಾಸ ಐತಿ, ಆಶ್ರಯ ಐತಿ, ಕಾಲು ಎರಡು ಅದಾವ. ಕ್ರಮಾಂಕ ಒಂದ ಇಲ್ಲ. ಅದು ನಮ್ಮ ಕೈಯಾಗಿನ ಮಾತು."

ಡಾಕ್ಟರಿಗೆ ಫೋನು ಹೋಯಿತು. ಹನ್ನೆರಡು ಗಂಟೆಗೆ ಕರೆವ್ವನನ್ನು ಕರೆದುಕೊಂಡು ಬಂದರು. ಮರುದಿನಕ್ಕೆ ಹತ್ತು ದಿನ ಮುಗಿಯುತ್ತಿತ್ತು.

ಸುಪಾರ್ಶ್ವ ಅವರು ನಮೂನೆ ಎರಡನ್ನು ಎದುರಿಗಿಟ್ಟುಕೊಂಡು ಗಂಟಲು ಸರಿಮಾಡಿಕೊಂಡರು. "ತಾಯೀ, ಕೇಳಿದ್ದಕ್ಕ ಉತ್ತರ ಹೇಳ್ರಿ. ಎಲ್ಲಾ ಕೋಳಿಗೂ ಕೇಳೂದ ಇದು, ಬ್ಯಾರೆ ತಿಳ್ಕೋಬ್ಯಾಡ್ರಿ."

"ಕೋಳಿ ಏನ ಉತ್ತರ ಹೇಳತಿದ್ವ್ರಿ?"

"ಅವುಗಳ ಪರವಾಗಿ ನಾನ ಬರೀತಿದ್ದೆ. ತಳಿ?"

"ಹಂಗಂದ್ರ?"

"ಹೈಬ್ರಿಡ್ ಏನು, ಜವಾರಿ ಏನು?"

"ನಮ್ಮಪ್ಪ ನಮ್ಮವ್ವ ಇಬ್ಬರೂ ಇಲ್ಲಿಯವ್ರರಿ."

"ಜವಾರಿ" ಎಂದು ಬರೆದರು. "ಮೊಟ್ಟಿ ಒಡದು ಎಷ್ಟ ವಾರ ಆತು?"

"ಐವತ್ತೆರಡು ವರ್ಷ ಆತ್ರಿ."

ವರ್ಷಗಳನ್ನು ವಾರ ಮಾಡುವುದಕ್ಕೆ ನಾನು ಹಾಳೆಯ ಹಿಂದೆ ಗುಣಾಕಾರ ಹಾಕಿದೆ. ಆಮೇಲಿನ ಕಾಲಮಿಗೆ ಬಂದಾಗ ಸುಪಾರ್ಶ್ವ ಅವರು ಕನ್ನಡಕ ಒರೆಸಿಕೊಂಡರು. ತತ್ತಿ ಇಡುತ್ತದೆಯೇ, ಇಲ್ಲವೇ. ಇಡದ ಕೋಳಿಯನ್ನು ಮೂವತ್ತು ದಿನದೊಳಗೆ ಬೆಳಗಾವಿ ಪೇಟೆಗೆ ಕಳಿಸಬೇಕೆಂಬುದು ನಿಯಮ ಮೂವತ್ತೊಂದು.

"ಇದೊಂದು ಕಠಿಣ ಐತಿ" ಅಂದರು.

"ಇಡತೈತಿ ಅಂತ ಬರಕೋರಿ" ಅಂದಳು ಕರೆವ್ವ. "ಬಾಜೂದ ಪಂಜರದಾಗಿಂದು ಒಂದು ನನ್ನ ಹೆಸರಿಗೆ ಹಾಕಿದ್ರಾತು. ಅದೇನ ಜಗಳಾ ತಗಿಯೂದಿಲ್ಲ."

ಕ್ರಮಾಂಕ ೧೪೧೭ ದಿನಬಿಟ್ಟು ದಿನ ಇಡುವ ತತ್ತಿಯನ್ನು ೨೦೦೧ಕ್ಕೆ ಜಮಾ ಮಾಡುವುದೆಂದು ತೀರ್ಮಾನವಾಯಿತು. ಕಾಲಿಗೆ ಹಾಕುವ ಅಲ್ಯೂಮಿನಿಯಂ ಉಂಗುರ ಅವಳ ಕಣಕಾಲಿಗೆ ಹಿಡಿಸಲಿಲ್ಲ, ಬೆರಳಿಗೆ ಸಿಗಿಸಿದೆವು. ಅಷ್ಟರಲ್ಲಿ ಚನಮಲ್ಲಪ್ಪನವರು ಸಹಿ ಹಾಕಲು ಬಂದರು. ಎಲ್ಲವನ್ನೂ ಕೇಳಿ, ಯೋಚನೆ ಮಾಡಿ, ಸಹಿ ಹಾಕುವ ಮೊದಲು ಅಂದರು: "ಕೋಳಿ ಆದ ಮ್ಯಾಲೆ ಆಕೀಗೆ ಪಗಾರ ಯಾಕ? ಕೋಳಿಗಿ ಯಾರು ಪಗಾರ ಕೊಡತಾರ? ದಿನಕ್ಕ ನೂರಾ ಹತ್ತು ಗ್ರಾಂ ಕಾಳು ಹಾಕ್ರಿ."

"ಪಗಾರದ ವಿಷಯ ಬ್ಯಾರೆ ಟೇಬಲ್ಲಿಂದ್ರಿ, ಸಾವಕಾರ್ರ" ಅಂದರು ಸುಪಾರ್ಶ್ವ. "ಆ ಟೇಬಲ್ಲಿನ್ಯಾಗ ಆಕಿ ಇನ್ನೂ ಹೆಂಗಸು ಅದಾಳ. ಈ ಟೇಬಲ್ಲಿನ್ಯಾಗ ಕೋಳಿ. ಒಂದು ಟೇಬಲ್ಲಿಂದು ಇನ್ನೊಂದಕ್ಕ ಒಯ್ಯಾಕ ಬರೂದಿಲ್ಲ."

ಚನಮಲ್ಲಪ್ಪನವರಿಗೆ ಇದು ಸಮ್ಮತವಾಯಿತು. ಹನ್ನೆರಡೂವರೆಗೆ ಸಹಿ ಬಿತ್ತು. ಖೋಕಾ ಒಡೆಯಿತು. ಡಾಕ್ಟರು ಅಳತೆ ಮಾಡಿ ಮೊದಲ ಡೋಸು ಅಲ್ಲೇ ಕುಡಿಸಿದರು.

ಮುಗಿಯಿತೆಂದು ನಾವು ಚಹಾ ತರಿಸಿದ್ದೆವು. ಸುಪಾರ್ಶ್ವ ಅವರು ಮಾತ್ರ ಪುಟ ಮಗುಚುತ್ತಲೇ ಇದ್ದರು, ನಿಯಮ ಇಪ್ಪತ್ತೆರಡಕ್ಕೆ ಬಂದು ನಿಂತರು. "ಶೆಡ್ಡಿನ ಒಂದು ಕೋಳಿಗೆ ಬೇನೆ ಬಂದಲ್ಲಿ, ಶೆಡ್ಡಿನ ಎಲ್ಲ ಕೋಳಿಗಳಿಗೂ ಅದೇ ಔಷಧವನ್ನು ಆರಂಭಿಸತಕ್ಕದ್ದು. ಆರಂಭಿಸಿದ್ದನ್ನು ಎಲ್ಲ ಶೆಡ್ಡುಗಳಿಗೂ ವಿಸ್ತರಿಸತಕ್ಕದ್ದು."

ಡಾಕ್ಟರು ಚಹಾದ ಬಸಿಯನ್ನು ಕೆಳಗಿಟ್ಟರು. "ಸುಪಾರ್ಶ್ವಣ್ಣ, ಕೈ ಮುಗಿತೇನಿ. ಇದೊಂದ ಔಷಧ ಉಳದೈತಿ. ಇದನ್ನೂ ಚಿಟಿಕಿ ಚಿಟಿಕಿ ಕೋಳಿಗಿ ಹಾಕಿದ್ರ, ವರ್ಷದಾಗ ಇದೂ ಹೋಗತೈತಿ."

"ಎರಡು ಸಾವಿರದ ಒಂದು ಕೋಳ್ಯಾಗ ಒಂದಕ್ಕ ಕೊಟ್ಟು ಉಳದವಕ್ಕ ಬಿಟ್ರ ಭೇದ ಮಾಡಿದಂಗ ಆಗತೈತ್ರಿ. ನಾಳಿ ಆಡಿಟ್ಟಿನವ್ರು ಕೇಳಿದ್ರ?"

"ಆಕಿ ಕೋಳಿ ಅಲ್ರಿ."

"ಹಂಗಂದ್ರ ಕುಡಿಸಿದ್ದು ತಪ್ಪಾಗತೈತಿ."

ಒಂಬತ್ತು ಶೆಡ್ಡುಗಳಿಗೆ ನೀಲಿ ಬಾಟಲಿ ಮಂಜೂರಾದ ಆದೇಶವನ್ನು ನಾನು ಅದೇ ಮಧ್ಯಾಹ್ನ ಟೈಪು ಮಾಡಿದೆ. ಚನಮಲ್ಲಪ್ಪನವರ ಅಳಿಯ ಪೇಢೆ ಕೊಟ್ಟು ಕಳಿಸಿದ.

ಬಸ್ ಸ್ಟ್ಯಾಂಡಿನಲ್ಲಿ ಡಾಕ್ಟರು ಕರೆವ್ವನಿಗೆ ಒಂದು ಮಾತು ಹೇಳಿದರಂತೆ. "ಕೈ ಆರತೈತಿ. ಆದ್ರ ಜಂತು ಶೆಡ್ಡಿನ್ಯಾಗ ಹಂಗ ಅದಾವ. ತಂತಿನೂ ಹಂಗ ಅದಾವ. ನಾಳಿ ಮತ್ತ ತರಚಿತಂದ್ರ, ಕೋಳಿಗಿ ರೂಢಿ ಆದ ಔಷಧ ನಿನಗ ನಾಟೂದಿಲ್ಲ."

"ಅಂದ್ರ ಈ ಕೈ ನಾ ಬಕೇಟಿನ್ಯಾಗ ಏನ ಹಾಕತೇನಿ ಅದರ ಮ್ಯಾಲೆ ಐತಿ."

"ಹೌದಬೇ."

ಹದಿಮೂರನೆಯ ದಿನಕ್ಕೆ ಬಾವು ಇಳಿಯಿತು. ಇಪ್ಪತ್ತನೆಯ ದಿನ ಕರೆವ್ವ ರೊಟ್ಟಿ ಬಡಿದಳು. ಎರಡು ರೊಟ್ಟಿ, ಶೇಂಗಾ ಹಿಂಡಿ, ನಮ್ಮ ಕಚೇರಿಗೂ ಕಟ್ಟಿ ತಂದಿದ್ದಳು. ಕೋಳಿಯ ಕಡೆಯಿಂದ ಬಂದ ಕಾಣಿಕೆಯನ್ನು ಸ್ವೀಕರಿಸಬಹುದೇ ಎಂದು ಸುಪಾರ್ಶ್ವ ಅವರು ನಿಯಮ ನೋಡಿದರು. ಏನೂ ಬರೆದಿರಲಿಲ್ಲ. ತಿಂದರು.

ಆಮೇಲೆ ಏಳು ತಿಂಗಳು ಮಂಡಳಿಯ ಕೆಲಸ ಸುಗಮವಾಗಿ ನಡೆಯಿತು. ಮೂರನೇ ಶೆಡ್ಡಿನ ಪುಸ್ತಕದಲ್ಲಿ ನೀಲಿ ಬಾಟಲಿಗೆ ದಿನಾ ಒಂದು ಗೀಟು, ಒಂದು ದಿನವೂ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾದ ಪುಸ್ತಕ ಬೇರೆ ಯಾವ ಶೆಡ್ಡಿನದೂ ಇರಲಿಲ್ಲವಾಗಿ ಗಣರಾಜ್ಯೋತ್ಸವದ ದಿನ ಶೆಡ್ಡಿಗೆ ಒಂದು ಸ್ಟೀಲಿನ ತಂಬಿಗೆ ಬಹುಮಾನ ಕೊಡಲಾಯಿತು. ಎರಡು ಸಾವಿರದ ಒಂದನೆಯ ಕೋಳಿ ಎದ್ದು ಹೋಗಿ ಅದನ್ನು ಇಸಿದುಕೊಂಡಿತು.

ಫೆಬ್ರುವರಿಯಲ್ಲಿ ಚನಮಲ್ಲಪ್ಪನವರು ಮೂರನೇ ಶೆಡ್ಡಿನ ತಪಾಸಣೆಗೆ ಹೋದಾಗ ಚಪ್ಪಲಿ ತೂರಿ ಮೊಳೆ ಚುಚ್ಚಿತು. ನಾಲ್ಕು ದಿನಕ್ಕೆ ಪಾದ ಹಲಸಿನಷ್ಟಾಯಿತು. ಒಂಬತ್ತು ಔಷಧ ನಾಟಲಿಲ್ಲ. ಜೀಪಿನಲ್ಲಿ ಕಚೇರಿಗೆ ಬಂದು, ಕುರ್ಚಿಯ ಮೇಲೆ ಕಾಲಿಟ್ಟು, ಸುಪಾರ್ಶ್ವ ಅವರಿಗೆ ಸಣ್ಣ ದನಿಯಲ್ಲಿ ಅಂದರು: "ನನ್ನದೂ ಒಂದು ನಂಬರ್ ಮಾಡ್ರಿ."

"ಮಾಡೂಣ್ರಿ. ನೀವು ದಿನಾ ಶೆಡ್ಡಿಗಿ ಬರತೀರಿ, ವಾಸ ಅಂತ ಹಿಡಿಯಾಕ ಅಡ್ಡಿ ಇಲ್ಲ."

"ಹುಂಜ ಅಂತ ಬರೀರಿ."

"ಅದು ಆಗೂದಿಲ್ರಿ. ಇದು ತತ್ತಿ ಯೋಜನಾ. ಹುಂಜಕ್ಕ ಕಾಲಮ್ ಇಲ್ಲ."

"ನಾನು ಮಂಡಳಿ ಚೇರಮನ್ ಅದೇನಲೇ, ಸುಪಾರ್ಶ್ವ."

"ಚೇರಮನ್ ಆಗಿ ಇರ್ರಿ, ಅದು ಬ್ಯಾರೆ ಟೇಬಲ್ಲು. ಇಲ್ಲೆ ಹ್ಯಾಂಟಿ ಅಂತನ ಆಗಬೇಕು. ಕಾಲು ನೋಡಿಕೊಂಡು ಹೇಳ್ರಿ."

ಚನಮಲ್ಲಪ್ಪನವರು ಕಾಲು ನೋಡಿಕೊಂಡರು. ಕ್ರಮಾಂಕ ೨೦೦೨, ಹೆಣ್ಣು, ಜವಾರಿ. ನೀಲಿ ಬಾಟಲಿ ಬಿದ್ದ ಹನ್ನೆರಡನೆಯ ದಿನ ಅವರು ಚಪ್ಪಲಿ ಮೆಟ್ಟಿ ನಡೆದರು.

ಅದೇ ವಾರ ಬೀಳಗಿ ಕಡೆಯ ಏಳನೇ ಶೆಡ್ಡಿನಲ್ಲಿ ಕೆಲಸದ ಭೀಮಪ್ಪನಿಗೂ ತಂತಿ ತರಚಿ ಕೈ ಬಾತಿತು. ಇಷ್ಟರಲ್ಲಿ ಕಚೇರಿಗೆ ರೂಢಿಯಾಗಿದ್ದರಿಂದ ಅವನನ್ನು ಅರ್ಧ ಗಂಟೆಯಲ್ಲಿ ಕೋಳಿ ಮಾಡಿ ನೀಲಿ ಬಾಟಲಿ ಕೊಡಲಾಯಿತು. ನಾಟಲಿಲ್ಲ. ಮೀರಜಕ್ಕೆ ಹೋಗಿ ಎರಡು ಬೆರಳು ಬಿಟ್ಟು ಬಂದ. ಕೀವು ಪರೀಕ್ಷೆ ಮಾಡಿಸಿದರೆ ಹತ್ತೂ ಔಷಧಕ್ಕೆ ಜಂತು ಜಗ್ಗಿರಲಿಲ್ಲ. ಉಳಿದ ಶೆಡ್ಡುಗಳಿಂದಲೂ ಹಿಕ್ಕೆಯ ಮಾದರಿ ತರಿಸಿ ನೋಡಿದರು. ಎಂಟು ಶೆಡ್ಡಿನಲ್ಲಿ ಅದೇ ಕಥೆ. ಮೂರನೆಯದರಲ್ಲಿ ಮಾತ್ರ ನೀಲಿ ಬಾಟಲಿಗೆ ಜಂತು ಸಾಯುತ್ತಿತ್ತು.

ಇದು ಏಕೆ ಹೀಗೆ ಎಂದು ತಿಳಿಯಲು ಬೆಂಗಳೂರಿನಿಂದ ಒಬ್ಬ ವಿಚಾರಣಾಧಿಕಾರಿ ಬಂದರು. ಸೌಮ್ಯ ಸ್ವಭಾವದವರು, ಬಿಸಿಲಿಗೆ ತಲೆಯ ಮೇಲೆ ಒದ್ದೆ ಕರವಸ್ತ್ರ ಹಾಕಿಕೊಂಡಿದ್ದರು. ಮೂರನೇ ಶೆಡ್ಡಿನ ಮುಂದೆ ಬೇವಿನ ಗಿಡದ ಕೆಳಗೆ ಮೇಜು ಹಾಕಿ ವಿಚಾರಣೆ ಆರಂಭಿಸಿದರು. ನಾನು ಟೈಪ್‌ರೈಟರು ಒಯ್ದಿದ್ದೆ. ಕರೆವ್ವ ಸೆರಗು ಸರಿಮಾಡಿಕೊಂಡು ಬಂದು ನಿಂತಳು.

"ಏನಮ್ಮ, ನೀವು ನಿಜವಾಗಿ ದಿನಕ್ಕೆ ಎಷ್ಟು ನೀಲಿ ಔಷಧ ಹಾಕ್ತಿದ್ರಿ?"

"ಹಾಕೇ ಇಲ್ರಿ."

"ಪುಸ್ತಕದಲ್ಲಿ ಗೀಟಿದೆಯಲ್ಲ."

"ಗೀಟು ಹಾಕೇನ್ರಿ. ಔಷಧ ಹಾಕಿಲ್ಲ. ಬಾಟಲಿ ಎಲ್ಲಾ ಟ್ರಂಕಿನ್ಯಾಗ ಅದಾವ, ಬರ್ರಿ ತೋರಸತೇನಿ. ಹಳದಿ ಪುಡಿ, ಕೆಂಪ ಪುಡಿನೂ ಬಿಟ್ಟೇನಿ. ಬರೇ ನೀರು ಕುಡದಾವು ಕೋಳಿ."

"ಬರೀ ನೀರು?"

"ತತ್ತಿ ಏನೂ ಕಡಿಮಿ ಆಗಿಲ್ರಿ."

ಅಧಿಕಾರಿಗಳು ತಲೆಯ ಮೇಲಿನ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ಯಾಕೆ ಹಾಗೆ ಮಾಡಿದ್ರಿ?"

"ಬ್ಯಾನಿ ಕೋಳಿಗಿ ಬಂದಿದ್ದಿಲ್ಲಲ್ರಿ. ನನಗ ಬಂದಿತ್ತು." ಕರೆವ್ವ ಬಲಗೈ ಬಿಚ್ಚಿ ತೋರಿಸಿದಳು. "ಇದು ನನಗ ಇನ್ನೂ ಬೇಕಾಗೈತ್ರಿ."

ನಾನು ಅಷ್ಟನ್ನೂ ಟೈಪು ಮಾಡಿದ್ದೆ. ಚನಮಲ್ಲಪ್ಪನವರು ತಮ್ಮ ಪಾದವನ್ನು ನೋಡುತ್ತ ಕೂತಿದ್ದರು. ಆಗ ಸುಪಾರ್ಶ್ವ ಅವರು ಮೆಲ್ಲಗೆ ಎದ್ದು ನಿಂತರು.

"ಸಾಹೇಬ್ರ, ಒಂದು ಸಣ್ಣ ತೊಂದರಿ ಐತ್ರಿ. ಇವರ ಹೇಳಿಕಿ ತಗೊಳ್ಳಾಕ ಬರೂದಿಲ್ಲ."

"ಯಾಕೆ?"

"ಇವರು ಕ್ರಮಾಂಕ ಎರಡು ಸಾವಿರದ ಒಂದು ರಿ. ನಮ್ಮ ನಿಯಮದಾಗ ನೌಕರರ ಹೇಳಿಕಿಗೆ ನಮೂನಿ ಐತಿ, ಸಭಾಸದರ ಹೇಳಿಕಿಗೆ ಐತಿ. ಕೋಳಿ ಹೇಳಿಕಿಗೆ ಇಲ್ಲ."

ಅಧಿಕಾರಿಗಳು ನಿಯಮಾವಳಿ ಇಸಿದುಕೊಂಡು ಬಹಳ ಹೊತ್ತು ಓದಿದರು. ಓದುತ್ತ ಓದುತ್ತ ಅವರ ಮುಖ ಹಗುರಾಯಿತು. ಈ ಹೇಳಿಕೆಯನ್ನು ತೆಗೆದುಕೊಂಡಿದ್ದರೆ, ಹತ್ತು ವರ್ಷ ಒಂಬತ್ತು ಶೆಡ್ಡಿನ ಕೋಳಿಗಳು ಬೇಡದ ಔಷಧ ಕುಡಿದಿವೆಯೆಂದು ಬರೆದು, ಅದರ ಕೆಳಗೆ ಅವರು ಸಹಿ ಹಾಕಬೇಕಾಗುತ್ತಿತ್ತು.

"ಸರಿ" ಅಂದರು. "ಆ ಹಾಳೆ ತೆಗೆದುಬಿಡಿ."

ತೆಗೆದೆ. ಕಾರ್ಬನ್ ಪ್ರತಿಯ ವಿಷಯ ಅವರು ಹೇಳಲಿಲ್ಲ.

ಹೇಳಿಕೆ ಇಲ್ಲದೆ ಉಳಿದದ್ದು ದಾಖಲೆಗಳು. ದಾಖಲೆಯ ಪ್ರಕಾರ ಒಂಬತ್ತು ಶೆಡ್ಡಿನಲ್ಲೂ ಔಷಧ ಒಂದೇ, ಗೀಟು ಒಂದೇ, ಕಾಳು ಒಂದೇ. ಮೂರನೇ ಶೆಡ್ಡಿಗೆ ವ್ಯತ್ಯಾಸ ಇದ್ದದ್ದು ಒಂದೇ ವಿಷಯದಲ್ಲಿ: ನೀಲಿ ಬಾಟಲಿ ಆರಂಭವಾದ ದಿನದಿಂದ ಅಲ್ಲಿ ಒಬ್ಬ ಹೆಂಗಸು ಕೋಳಿಯಾಗಿದ್ದಳು. ಕಾರಣ ಅದೇ ಇರಬೇಕೆಂದು ಅಧಿಕಾರಿಗಳು ತಮ್ಮ ಹದಿನೆಂಟು ಪುಟದ ವರದಿಯಲ್ಲಿ ಅಭಿಪ್ರಾಯಪಟ್ಟರು. ಮೇ ತಿಂಗಳಲ್ಲಿ ಸುತ್ತೋಲೆ ಹೊರಟಿತು: "ಮಂಡಳಿಯ ಪ್ರತಿಯೊಂದು ಶೆಡ್ಡಿನಲ್ಲಿಯೂ ಐವತ್ತು ವರ್ಷ ಮೀರಿದ, ಶೆಡ್ಡಿನ ಕೆಲಸದಲ್ಲಿ ಅನುಭವವುಳ್ಳ ಒಬ್ಬ ಹೆಂಗಸನ್ನು ತತ್‌ಕ್ಷಣ ಕೋಳಿಯಾಗಿ ನೋಂದಾಯಿಸತಕ್ಕದ್ದು. ಔಷಧವನ್ನು ಎಂದಿನಂತೆ ಮುಂದುವರಿಸತಕ್ಕದ್ದು. ಹನ್ನೊಂದನೆಯ ಔಷಧದ ಬಗ್ಗೆ ಪ್ರತ್ಯೇಕ ಆದೇಶ ಬರುವುದು."

ಕೋಳಿಯಾದವಳಿಗೆ ಶೆಡ್ಡಿನ ಕೆಲಸ, ಕೋಣೆ, ಪಗಾರ ಮೂರೂ ಸಿಗುತ್ತವೆಂದು ಅರ್ಜಿಗಳು ಬಹಳ ಬಂದವು. ರಬಕವಿ-ಬನಹಟ್ಟಿ ಶೆಡ್ಡಿಗೆ ಒಂದು ಜಾಗಕ್ಕೆ ಹದಿನಾಲ್ಕು ಜನ. ಇಬ್ಬರು ಮಗ್ಗದ ಕೆಲಸ ಬಿಟ್ಟು ಬರುವುದಕ್ಕೂ ತಯಾರಿದ್ದರು. ಆಯ್ಕೆಯಾದ ಎಂಟು ಹೆಂಗಸರಿಗೆ ಜಮಖಂಡಿಯಲ್ಲಿ ಒಂದು ದಿನದ ತರಬೇತಿ ಇಡಲಾಯಿತು. ತರಬೇತಿ ಕೊಡಲು ಅರ್ಹತೆಯಿದ್ದವಳು ಕರೆವ್ವ ಒಬ್ಬಳೇ. ಅಧಿಕಾರಿಗಳ ಭಾಷಣ, ಚನಮಲ್ಲಪ್ಪನವರ ಭಾಷಣ, ಊಟ. ಊಟದ ಮೇಲೆ ಗಂಡಸರು ಎಲೆ ಅಡಿಕೆಗೆ ಎದ್ದು ಹೋದಾಗ, ಜಮಖಂಡಿ ಶೆಡ್ಡಿನ ಸತ್ಯವ್ವ ಹತ್ತಿರ ಸರಿದು ಕೂತಳು.

"ಯಕ್ಕಾ, ಕೋಳಿ ಆಗೂದಂದ್ರ ಖರೆ ಏನ ಮಾಡೂದಬೇ?"

"ಏನೂ ಮಾಡೂದಿಲ್ಲ. ಬಾಟಲಿ ಬಂದ್ರ ಮುಚ್ಚಳಾ ತಗಿಬ್ಯಾಡ. ಡಬ್ಬಿ ಬಂದ್ರ ಡಬ್ಬಿ ಬಿಚ್ಚಬ್ಯಾಡ. ಟ್ರಂಕಿನ್ಯಾಗ ಇಡು. ಗೀಟು ಮಾತ್ರ ಹಾಕು."

"ಕೇಳಿದ್ರ?"

"ಖರೆ ಹೇಳು. ಬರಕೊಳ್ಳೂದಿಲ್ಲ ಅವ್ರು."

ಎಂಟು ಜನರೂ ಇದನ್ನು ಒಬ್ಬರಿಂದೊಬ್ಬರು ಕೇಳಿಸಿಕೊಂಡರು. ತರಬೇತಿ ಯಶಸ್ವಿಯಾಯಿತೆಂದು ಮಂಡಳಿ ವರದಿ ಮಾಡಿತು, ಅದು ನಿಜವೂ ಆಗಿತ್ತು.

ಮುಂದಿನ ವರ್ಷಾಂತ್ಯಕ್ಕೆ ಗಂಗಾರಾಮ ಡಾಕ್ಟರು ಎಲ್ಲ ಶೆಡ್ಡುಗಳಿಂದ ಪರೀಕ್ಷೆ ಮಾಡಿಸಿದರು. ನೀಲಿ ಬಾಟಲಿ ಅಲ್ಲಲ್ಲಿ ತಿರುಗಿ ನಾಟುತ್ತಿತ್ತು. ಎರಡು ಶೆಡ್ಡಿನಲ್ಲಿ ಹಳೆಯ ಹಳದಿ ಪುಡಿ ಕೂಡ. ಡಾಕ್ಟರು ಆ ಕಾಗದವನ್ನು ಎರಡು ಸಲ ಓದಿ, ಯಾರಿಗೂ ಏನೂ ಹೇಳದೆ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಮಂಡಳಿಯವರು ಇದು ಸುತ್ತೋಲೆಯ ಫಲವೆಂದರು. ಅಳಿಯನ ಹನ್ನೊಂದನೆಯ ಔಷಧ ಬಂತು, ಹಂಚಿಕೆಯಾಯಿತು, ಟ್ರಂಕು ಸೇರಿತು. ಬಿಲ್ಲು ಪಾಸಾದದ್ದರಿಂದ ಅವನಿಗೂ ತಕರಾರಿಲ್ಲ. ವಿಚಾರಣಾಧಿಕಾರಿಗಳಿಗೆ ಬಡ್ತಿ ಸಿಕ್ಕಿತು. ಬೇರೆ ಜಿಲ್ಲೆಗಳಿಗೂ ಹೆಂಗಸರನ್ನು ಕೋಳಿ ಮಾಡುವ ಪ್ರಸ್ತಾವ ಹೋಗಿದೆ ಎಂದು ಕೇಳಿದ್ದೇನೆ.

ಹೋದ ತಿಂಗಳು ಸುಪಾರ್ಶ್ವ ಅವರು ನಿವೃತ್ತರಾಗುವ ಮುಂಚೆ ಒಂದು ತಿದ್ದುಪಡಿ ಮಾಡಿಸಿದರು. ಅದುವರೆಗೆ ಕೋಳಿಯ ಹೆಸರು ಹೊಡೆಯಲು ಸಾವು ಇಲ್ಲವೇ ಮಾರಾಟ, ಎರಡೇ ನಮೂನೆ ಇದ್ದವು. ಈಗ ಮೂರನೆಯದು ಬಂತು. ಅವರು ಕರೆವ್ವನನ್ನು ಕರೆಸಿ ಕುರ್ಚಿಯ ಮೇಲೆ ಕೂರಿಸಿದರು.

"ತಾಯೀ, ಇಲ್ಲೆ ಒಂದು ಗುರುತು ಹಾಕಿದ್ರ ನೀವು ತಿರುಗಿ ಮನುಷ್ಯರಾಗತೀರಿ. ನನ್ನ ಕೈಯಾಗ ಆಗೂ ಕೆಲಸ, ಮಾಡಿ ಹೋಗಬೇಕಂತ."

"ಮನುಷ್ಯರ ಆದ್ರ ಏನ ಆಗತೈತ್ರಿ?"

"ಹೇಳಿಕಿ ತಗೊಳ್ಳಾಕ ಬರತೈತಿ. ಪುಸ್ತಕಕ್ಕ ನೀವ ಜವಾಬ್ದಾರಿ."

"ಮತ್ತ ದಿನಾ ಬಕೇಟಿಗೆ ಹಾಕಬೇಕಾಗತೈತಿ."

"ಹಾಕಬೇಕಾಗತೈತಿ."

ಕರೆವ್ವ ನನ್ನ ಕಡೆ ನೋಡಿದಳು, ಆಮೇಲೆ ಸುಪಾರ್ಶ್ವ ಅವರ ಕಡೆ. "ಇರಲಿ ಬಿಡ್ರಿ, ಅಣ್ಣಾರ. ಇದ ಛಲೋ ಐತಿ."

ಅವರು ಒತ್ತಾಯ ಮಾಡಲಿಲ್ಲ. ನನಗೆ ಹೇಳಿ ಟೈಪು ಮಾಡಿಸಿದರು: "ಕ್ರಮಾಂಕ ೨೦೦೧ ಸ್ವಇಚ್ಛೆಯಿಂದ ಕೋಳಿಯಾಗಿ ಮುಂದುವರಿಯಲು ಒಪ್ಪಿರುತ್ತದೆ. ಕಡತ ಮುಕ್ತಾಯ." ಕೆಳಗೆ ಬಲಗೈ ಹೆಬ್ಬೆಟ್ಟಿನ ಗುರುತು ಇದೆ. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿವೆ.